ಈರಮ್ಮನಿಗೆ ಕವಿದ ಮಂಕು

ಬೇಗೂರಿನ ಹೆದ್ದಾರಿ ಬದಿಯಲ್ಲಿ ಇಡ್ಲಿ ಅಂಗಡಿ ಇಟ್ಟುಕೊಂಡಿದ್ದ ಈರಮ್ಮನಿಗೆ ಅಳು ಬರುತ್ತಿರಲಿಲ್ಲ. ಬರುತ್ತಿದ್ದುದು ದಣಿವು. ಗಂಡ ಮೂಗಯ್ಯ ತೀರಿಕೊಂಡು ವರ್ಷ ಕಳೆದಿತ್ತು. ೨೦೦೭ರ ಆ ಬೇಸಿಗೆಯಲ್ಲೂ ಬೆಳಿಗ್ಗೆ ಎದ್ದರೆ ಮೈಯೆಲ್ಲ ನೆನೆದ ಗೋಣಿಚೀಲದ ಹಾಗಿರುತ್ತಿತ್ತು. ಹಿಟ್ಟು ರುಬ್ಬಲು ಕೂತವಳು ಗ್ರೈಂಡರಿನ ಸದ್ದು ಕೇಳುತ್ತ ಹಾಗೇ ಕೂತುಬಿಡುವಳು. ಗಿರಾಕಿ ಚಟ್ನಿ ಕೇಳಿದರೆ ಬೇರೆ ಯಾರನ್ನೋ ಕೇಳುತ್ತಿದ್ದಾನೆ ಅನ್ನಿಸುವುದು. ನಿದ್ದೆ ಹತ್ತುತ್ತಿರಲಿಲ್ಲ.

ಮಗಳು ಮಾನಸ ಗುಂಡ್ಲುಪೇಟೆಯ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಳು; ದಿನವೂ ಮನೆಯಿಂದಲೇ ಹೋಗಿಬರುವಳು. ಅವಳೇ ರಜೆ ಹಾಕಿ ಅವ್ವನನ್ನು ಚಾಮರಾಜನಗರದ ಮನೋವೈದ್ಯರ ಬಳಿ ಕರೆದೊಯ್ದಳು. ಇದು ಖಿನ್ನತೆ ಎಂಬ ಕಾಯಿಲೆ, ಮಾತ್ರೆ ಹಿಡಿಯಲು ಕೆಲವು ವಾರ ಬೇಕು ಎಂದರು ಡಾಕ್ಟರು. ಬೇರೇನಾದರೂ ಮಾತ್ರೆ ನುಂಗುತ್ತೀರಾ ಎಂದು ಕೇಳಿದಾಗ ಈರಮ್ಮ ಇಲ್ಲವೆಂದು ತಲೆಯಾಡಿಸಿದಳು. ಬಿ.ಪಿ.ಗೆಂದು ಊರಿನ ಡಾಕ್ಟರು ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆ ಅವಳಿಗೆ ಮಾತ್ರೆಯೆಂದೇ ಅನ್ನಿಸುತ್ತಿರಲಿಲ್ಲ. ಬೆಳಗಿನ ಕಾಫಿಯ ಜೊತೆಗೆ ಅದೂ ಅಭ್ಯಾಸವಾಗಿಹೋಗಿತ್ತು.

ಖಿನ್ನತೆಯ ಮಾತ್ರೆ ನುಂಗತೊಡಗಿದ ಎರಡನೇ ವಾರದಲ್ಲಿ ಓಕರಿಕೆ ಶುರುವಾಯಿತು. ತಲೆ ಭಾರ; ನಡೆದರೆ ಕಾಲು ತಡವರಿಸುವುದು. ಉಷ್ಣ ಆಗಿದೆ, ನೀರು ಕುಡಿ ಎಂದಳು ಪಕ್ಕದಲ್ಲಿ ಹೂವು ಮಾರುವ ಸೋಮಮ್ಮ. ಬಾಯಿಯೂ ಒಣಗುತ್ತಿತ್ತು. ಈರಮ್ಮ ಚೊಂಬುಗಟ್ಟಲೆ ಕುಡಿದಳು. ಕುಡಿದಷ್ಟೂ ಮಂಕು ಹೆಚ್ಚಿತು. ಒಂದು ಬೆಳಿಗ್ಗೆ ಇಡ್ಲಿ ತಟ್ಟೆಗೆ ಹಿಟ್ಟಿನ ಬದಲು ಸಾಂಬಾರು ಹುಯ್ದಳು. ಮೈಸೂರು ಬಸ್ಸು ಬಂದು ನಿಂತಾಗ, ಇಳಿದವರೆಲ್ಲ ತನ್ನ ಮದುವೆಗೆ ಬಂದವರೆಂದು ಅವಳಿಗೆ ತೋರಿತು. ಕೆಲಸಕ್ಕೆ ಹೊರಟಿದ್ದ ಮಗಳನ್ನು ಅಕ್ಕಾ ಎಂದು ಕರೆದು, ಧಾರೆ ಸೀರೆ ಎಲ್ಲಿಟ್ಟೆ ಎಂದು ಕೇಳಿ, ಬೆಂಚಿನಿಂದ ಜಾರಿ ಬಿದ್ದಳು.

ಗಾಳಿ ಮೆಟ್ಟಿದೆ ಎಂದರು ಕೆಲವರು. ಹುಚ್ಚಿನ ಮಾತ್ರೆ ಕೊಟ್ಟು ಹುಚ್ಚು ಹಿಡಿಸಿದರು ಎಂದಳು ಸೋಮಮ್ಮ. ಮಾನಸ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಬಾಡಿಗೆ ಕಾರಿನಲ್ಲಿ ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಳು.

ರಕ್ತದಲ್ಲಿ ಸೋಡಿಯಂ ಎಂಬ ಉಪ್ಪಿನಂಶ ಅಪಾಯದ ಮಟ್ಟಕ್ಕೆ ಇಳಿದಿತ್ತು. ಖಿನ್ನತೆಯ ಮಾತ್ರೆ ಕೆಲವರ ಮೈಯಲ್ಲಿ ನೀರು ಹಿಡಿದಿಟ್ಟು ಹೀಗೆ ಮಾಡುತ್ತದೆ, ವಯಸ್ಸಾದ ಹೆಂಗಸರಲ್ಲಿ ಜಾಸ್ತಿ, ಆ ಬಿ.ಪಿ. ಮಾತ್ರೆಯೂ ಸೇರಿದರೆ ಇನ್ನೂ ಜಾಸ್ತಿ ಎಂದು ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಎರಡನ್ನೂ ನಿಲ್ಲಿಸಿದರು. ಕುಡಿಯುವ ನೀರನ್ನು ಅಳೆದು ಕೊಟ್ಟರು. ಸೋಡಿಯಂ ದಿಢೀರನೆ ಏರಿದರೆ ಮೆದುಳಿಗೆ ಪೆಟ್ಟಂತೆ. ಪದೇ ಪದೇ ರಕ್ತ ತೆಗೆದು ನೋಡುತ್ತ ನಿಧಾನವಾಗಿ ಏರಿಸಿದರು.

ಬುದ್ಧಿ ತಿಳಿಯಾಯಿತು. ಅದರ ಹಿಂದೆಯೇ ಹಳೆಯ ದಣಿವೂ ಬಂತು. ಮನೆಗೆ ಬಂದ ಈರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಡಾಕ್ಟರಮ್ಮ ಬಿ.ಪಿ.ಗೆ ಬೇರೆ ಮಾತ್ರೆ, ಖಿನ್ನತೆಗೆ ಬೇರೆ ಬಗೆಯ ಮಾತ್ರೆ ಬರೆದು, ಮೊದಮೊದಲು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಮಾನಸ ಮಾತ್ರೆ, ನೀರು ತಂದು ನಿಂತಳು.

"ಸಾಕು ಬುಡಮ್ಮಿ. ಒಂದ್ಸಲ ಸತ್ತು ಬಂದಿವ್ನಿ."

ಮಾನಸ ಅಲ್ಲೇ ನೆಲಕ್ಕೆ ಕೂತಳು. "ನಂಗೂ ಸಾಕಾಗ್ಯದೆ ಕಣವ್ವ. ಮೊದ್ಲು ನಾನೇ ಕರ್ಕೊಂಡೋಗಿ ಕೊಡಿಸ್ದೆ. ಈಗ ತಗೋ ಅನ್ನಕ್ಕೂ ಭಯ, ಬ್ಯಾಡ ಅನ್ನಕ್ಕೂ ಭಯ."

ಈರಮ್ಮ ಹೊರಳಿ ನೋಡಿದಳು. ಮಗಳ ಕಣ್ಣ ಕೆಳಗೆ ಕಪ್ಪಾಗಿತ್ತು. ಅದು ಎಂದಿನಿಂದ ಹಾಗಿತ್ತೋ, ಅವಳಿಗೆ ತಿಳಿಯದು.

"ಬಿಪಿ ಮಾತ್ರೆ ಇಸ್ಯ ನಾನೇ ಏಳ್ನಿಲ್ಲ. ನಿಂದೇನಮ್ಮಿ ತಪ್ಪು? ಕೊಡಿಲ್ಲಿ."

ಹೊಸ ಮಾತ್ರೆ ನಿಧಾನವಾಗಿ ಹಿಡಿಯಿತು. ಸೋಡಿಯಂ ಮತ್ತೆ ಇಳಿಯಲಿಲ್ಲ. ದಣಿವು ಪೂರ್ತಿ ಹೋಯಿತೆಂದು ಹೇಳುವಂತಿಲ್ಲ. ಅಂಗಡಿಯನ್ನು ಸೋಮಮ್ಮನ ಸೊಸೆಗೆ ವಹಿಸಿ, ಈರಮ್ಮ ಚಟ್ನಿಯೊಂದನ್ನೇ ರುಬ್ಬಿಕೊಡುತ್ತಿದ್ದಳು. ರಕ್ತ ಕೊಡಲು ಗುಂಡ್ಲುಪೇಟೆಗೆ ಹೋದ ದಿನ ತಾಯಿ ಮಗಳು ಹೋಟೆಲಿನಲ್ಲಿ ದೋಸೆ ತಿನ್ನುವರು. ಒಮ್ಮೆ ಈರಮ್ಮ ತನ್ನದನ್ನು ಮುಗಿಸಿ, ಕೇಳದೆಯೇ, ಮಗಳ ತಟ್ಟೆಯಿಂದ ಒಂದು ತುಂಡು ಮುರಿದುಕೊಂಡಳು.