ದಾರ ಕಟ್ಟಿದ ವೈರುಗಳು

ಹೊಸ ಪ್ಯಾಂಟಿನ ಕಾಲು ಮಡಿಸಿ ಹೊಲಿಸಿಕೊಳ್ಳಲೆಂದು ಮೇಷ್ಟ್ರು ಆ ಮನೆಗೆ ಮೊದಲ ಸಲ ಹೋದ ದಿನ ಅವರಿಗೆ ಕಾಣಿಸಿದ್ದು ದರ್ಜಿಯ ಮುಖವಲ್ಲ, ಎರಡು ಅಂಗಾಲು. ಮಿಕ್ಕ ದೇಹವೆಲ್ಲ ಟಿ.ವಿ. ಮೇಜಿನ ಹಿಂದೆ, ಗೋಡೆಯ ಸಂದಿಯಲ್ಲಿ ತೂರಿಕೊಂಡಿತ್ತು.

"ಯಾರದು?" ಎಂದಿತು ಮೇಜಿನ ಹಿಂದಿನ ದನಿ.

"ಮೂಲೆಮನೆಗೆ ಹೊಸದಾಗಿ ಬಂದಿದೀವಿ. ಸ್ಕೂಲ್ ಮೇಷ್ಟ್ರು. ಪ್ಯಾಂಟ್ ಸ್ವಲ್ಪ ಉದ್ದ ಆಯ್ತು..."

"ಪ್ಯಾಂಟ್ ಎಲ್ಲೂ ಓಡಿಹೋಗಲ್ಲ ಬಿಡಿ ಮೇಷ್ಟ್ರೇ. ಕಿಟಕಿ ಮೇಲೆ ಟಾರ್ಚ್ ಇದೆ. ಸ್ವಲ್ಪ ಇಲ್ಲಿ ಹಿಡೀತೀರಾ?"

ಆ ಬೀದಿಯಲ್ಲಿ ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರಿಗೂ ಅವಳು ಸೂಜಿಯಕ್ಕ. ಮನೆಯ ಮುಂಕೋಣೆಯೇ ಅವಳ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಬಟ್ಟೆಯ ಗಂಟುಗಳು, ಕೊರಳಲ್ಲಿ ಸದಾ ಅಳತೆಪಟ್ಟಿ, ತುಟಿಗಳ ನಡುವೆ ಗುಂಡುಪಿನ್ನು. ಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಜೊತೆ ಸೊಗಸಾಗಿ ಜಗಳವಾಡಬಲ್ಲಳು. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು. ಮನೆಗಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ಹೀಗಾಗಿ ಮನೆಯಲ್ಲಿ ಉಳಿಯುತ್ತಿದ್ದವರು ಅವಳು ಮತ್ತು ಮಾವ. ಮಾವ ಅಗ್ನಿಶಾಮಕ ಠಾಣೆಯಲ್ಲಿ ಗಾಡಿ ಓಡಿಸಿ ನಿವೃತ್ತರಾದವರು. ಗಾಡಿಯ ಗಂಟೆಯ ಸದ್ದನ್ನು ಮೀರಿ ಕೂಗಿ ಮಾತನಾಡುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಅವರು ಒಂದು ಲೋಟ ನೀರು ಕೇಳಿದರೆ ಪಕ್ಕದ ಮನೆಯವರು ತರುತ್ತಿದ್ದರು.

ಅವರ ಹಳೆಯ ಠಾಣೆಯನ್ನು ಕೆಡವುವವರಿದ್ದರು. ಊರಿನ ಕೇಬಲ್ ಚಾನೆಲ್ಲಿನವರು ಅದರ ಬಗ್ಗೆ ಒಂದು ಕಾರ್ಯಕ್ರಮ ಮಾಡಿ, ಮಾವನನ್ನು ಹಳೆಯ ಕೆಂಪು ಗಾಡಿಗೆ ಹತ್ತಿಸಿ ಮಾತನಾಡಿಸಿದ್ದರು. ಅದು ಬರುವುದು ಒಂದೇ ಸಲ, ಆ ದಿನ ಸಂಜೆ ಐದಕ್ಕೆ. ಆದರೆ ಮಾವನ ಒಂದು ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಇನ್ನೊಂದರ ಪೊರೆ ಬಲಿತು ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

"ಬರೀ ಕಿವೀಲಿ ಕೇಳಿದ್ರೆ ಏನ್ ಬಂತು? ರೆಕಾರ್ಡ್ ಮಾಡಿಡಮ್ಮಾ. ಪಟ್ಟಿ ಬಿಚ್ಚಿದ ಮೇಲೆ ಕಣ್ತುಂಬ ನೋಡ್ತೀನಿ" ಎಂದಿದ್ದರು ಅವರು. "ಆಗಲಿ ಮಾವ" ಎಂದು ಸೊಸೆ ಮಾತು ಕೊಟ್ಟಿದ್ದಳು.

ಕೊಟ್ಟ ಮಾತು ಈಗ ಕುತ್ತಿಗೆಗೆ ಬಂದಿತ್ತು. ಮಾವನ ಮಂಚಕ್ಕೆ ಜಾಗ ಮಾಡಲೆಂದು ಗಂಡ ಟಿ.ವಿ. ಮೇಜನ್ನು ಎದುರು ಗೋಡೆಗೆ ಸರಿಸಿದ್ದ. ಟಿ.ವಿ., ಕೇಬಲ್ ಡಬ್ಬಿ, ವಿಡಿಯೊ ರೆಕಾರ್ಡರುಗಳ ಬಿಚ್ಚಿದ ವೈರುಗಳನ್ನು ಅವಸರದಲ್ಲಿ ಸಿಕ್ಕಿಸಿ ಡ್ಯೂಟಿಗೆ ಹೊರಟುಹೋಗಿದ್ದ. ಟಿ.ವಿ. ಬಂತು, ಎಲ್ಲ ಸರಿಯಾಗಿದೆ ಎಂದುಕೊಂಡರು. ಆ ಮಧ್ಯಾಹ್ನ ಸೂಜಿಯಕ್ಕ ಒಂದು ಹಳೆಯ ಕ್ಯಾಸೆಟ್ಟು ಹಾಕಿ ರೆಕಾರ್ಡ್ ಮಾಡಿ ನೋಡಿದರೆ, ಇರುವೆಗಳು ಹರಿದಾಡಿದಂತೆ ಚುಕ್ಕಿಗಳು, ಜೊತೆಗೆ ಸುಯ್ಯೆನ್ನುವ ಸದ್ದು. ಮಾವ ಮಂಚದಿಂದಲೇ ಅಧಿಕಾರ ವಹಿಸಿಕೊಂಡರು.

"ಎಲ್ಲಾ ವೈರು ಕಿತ್ತುಹಾಕು. ನಾನು ಹೇಳ್ದಂಗೆ ಮಾಡು. ಗೋಡೆಯಿಂದ ಬಂದಿದ್ದು ರೆಕಾರ್ಡರ್‌ಗೆ. ರೆಕಾರ್ಡರ್‌ನಿಂದ ಟಿ.ವಿ.ಗೆ. ಮುಗೀತು!"

ಅವಳು ಹಾಗೆಯೇ ಮಾಡಿದಳು. ಇದ್ದ ಚಿತ್ರವೂ ಹೋಯಿತು. ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತದ್ದು ಆಗಲೇ.

"ಏನ್ ಮಾವ, ಏನೂ ಬರ್ತಿಲ್ಲ!"

"ಸರಿಯಾಗಿ ಒತ್ತಿಲ್ಲ ನೀನು. ಈ ಕೈಯಲ್ಲೇ ನಾನು ಎಷ್ಟು ಸಲ ಹಾಕಿದೀನಿ!"

"ಹಾಕಿರ್ತೀರ. ಆದ್ರೆ ಈ ಕೇಬಲ್ ಡಬ್ಬಿ ಎಲ್ಲಿ ಹೋಯ್ತು ನಿಮ್ಮ ಲೆಕ್ಕದಲ್ಲಿ?"

ಮಾವ ಹೇಳಿದ್ದು ಡಬ್ಬಿ ಮನೆಗೆ ಬರುವ ಮೊದಲಿನ ಕ್ರಮ. ಆಗ ತಾರಸಿಯ ಮೇಲಿನ ಆಂಟೆನಾದಿಂದ ಇಳಿದ ವೈರು ನೆಟ್ಟಗೆ ರೆಕಾರ್ಡರಿಗೆ ಹೋಗುತ್ತಿತ್ತು. ಕಣ್ಣು ಮುಚ್ಚಿದ್ದಾಗ ಅವರಿಗೆ ಕಾಣುತ್ತಿದ್ದದ್ದು ಡಬ್ಬಿಯಿಲ್ಲದ ಆ ಹಳೆಯ ಮೇಜೇ.

"ಇದ್ದದ್ದೂ ನಾನೇ ಹಾಳು ಮಾಡಿಸಿದೆ. ಹೋಗ್ಲಿ ಬಿಡಮ್ಮಾ" ಎಂದರು ಮಾವ. ಆ ದನಿ ಪಕ್ಕದ ಮನೆಗಿರಲಿ, ಬಾಗಿಲಿಗೂ ಮುಟ್ಟುವಂತಿರಲಿಲ್ಲ. ಅವರು ರೇಗಿದ್ದರೆ ಸೂಜಿಯಕ್ಕ ತಡೆದುಕೊಳ್ಳುತ್ತಿದ್ದಳು; ಇದನ್ನು ತಡೆಯಲಾಗಲಿಲ್ಲ.

"ಬಿಡೋದು ಏನ್ ಬಂತು ಮಾವ? ಇನ್ನೂ ಐದಾಗಿಲ್ಲ. ನೀವು ಮಾತ್ರ ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕ್ಕೊಳ್ಳಿ."

ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ವೈರುಗಳನ್ನು ಮಡಿಲಲ್ಲಿ ಹಾಕಿಕೊಂಡಳು. ಅಲ್ಲಿಂದಲೇ ಎದುರಿಗಿದ್ದ ಹೊಲಿಗೆ ಯಂತ್ರವನ್ನು ಒಮ್ಮೆ ನೋಡಿದಳು. ದಾರ ರೀಲಿನಿಂದ ಹೊರಡುತ್ತದೆ. ಕೊಂಡಿಯಲ್ಲಿ ನುಸುಳಿ, ಬಿಗಿ ಮಾಡುವ ಬಿಲ್ಲೆಗಳ ನಡುವೆ ಹಾದು, ಕೊನೆಗೆ ಸೂಜಿಯ ಕಣ್ಣಿಗೆ ಬರುತ್ತದೆ. ನಡುವೆ ಒಂದನ್ನು ತಪ್ಪಿಸಿದರೂ ಸೂಜಿ ಮೇಲೆ ಕೆಳಗೆ ಕುಣಿಯುತ್ತದೆ, ಹೊಲಿಗೆ ಮಾತ್ರ ಬೀಳುವುದಿಲ್ಲ.

"ಮೇಷ್ಟ್ರೇ, ನಮ್ಮೆಜಮಾನರು ಮಾಡಿದ್ದು ಇದೇ ನೋಡಿ. ಡಬ್ಬಿಯಿಂದ ನೇರ ಟಿ.ವಿ.ಗೆ, ರೆಕಾರ್ಡರ್‌ನಿಂದ್ಲೂ ಟಿ.ವಿ.ಗೆ ಎಳೆದಿದ್ರು. ಚಿತ್ರ ಬರ್ತಿತ್ತು. ರೆಕಾರ್ಡರ್ ಒಳಗೆ ಏನೂ ಹೋಗ್ತಾನೇ ಇರ್ಲಿಲ್ಲ. ಪಾಪ, ಅದು ಏನಂತ ಬರ್ಕೊಳ್ಳುತ್ತೆ?"

"ಸರಿ, ಈಗ ಯಾವುದು ಎಲ್ಲಿಗೆ?"

"ಗೋಡೆ, ಡಬ್ಬಿ, ರೆಕಾರ್ಡರ್, ಟಿ.ವಿ. ಸಾಲಾಗಿ. ನೀವು ಆ ಸಣ್ಣ ಅಕ್ಷರ ಓದಿ. ಒಳಗೆ ಯಾವುದು, ಹೊರಗೆ ಯಾವುದು ಅಂತ ಹೇಳಿ ಸಾಕು."

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಟಾರ್ಚು ಹಿಡಿದು ಪಾಠ ಹೇಳುವ ದನಿಯಲ್ಲಿ ಓದಿದರು. ಗೋಡೆಯ ವೈರಿನ ತುದಿಗೆ ಅವಳು ಕೆಂಪು ದಾರ ಸುತ್ತಿ ಗಂಟು ಹಾಕಿದಳು, ಡಬ್ಬಿಯಲ್ಲಿ ಅದು ಸೇರುವ ತೂತಿನ ಮೇಲೂ ಅದೇ ಬಣ್ಣದ ಎಳೆಯೊಂದನ್ನು ಅಂಟಿಸಿದಳು. ಡಬ್ಬಿಯಿಂದ ರೆಕಾರ್ಡರಿಗೆ ನೀಲಿ. ರೆಕಾರ್ಡರಿನಿಂದ ಟಿ.ವಿ.ಗೆ ಹಳದಿ. ಸ್ವಿಚ್ಚು ಹಾಕಿದಳು.

ಚುಕ್ಕಿ. ಬರೀ ಚುಕ್ಕಿ. ಗಡಿಯಾರ ನಾಲ್ಕೂವರೆ ದಾಟಿತ್ತು.

"ಬೀಗ ತೆಗೀಲಾ?" ಎಂದರು ಮಾವ.

"ತೆಗೀರಿ."

"ಆ ಸದ್ದು ನನಗೆ ಗೊತ್ತು. ಟಿ.ವಿ.ನ ಮೂರನೇ ಚಾನೆಲ್‌ಗೆ ಇಡೋದು ಮರೆತ್ರೆ ಹೀಗೇ ಸುಯ್ ಅನ್ನುತ್ತೆ. ದಿನಾ ಮೂರಕ್ಕೆ ಇಟ್ಟೇ ನಾನು ಡಬ್ಬೀಲಿ ಚಾನೆಲ್ ತಿರುಗಿಸೋದು."

"ಟಿ.ವಿ. ಮೂರರಲ್ಲೇ ಇದೆ ಮಾವ." ಹಾಗೆಂದವಳ ಕೈ ಅಲ್ಲೇ ನಿಂತಿತು. ಇದುವರೆಗೆ ಡಬ್ಬಿಯ ವೈರು ಬಂದು ಸೇರುತ್ತಿದ್ದದ್ದು ಟಿ.ವಿ.ಗೆ, ಈಗ ಸೇರುವುದು ರೆಕಾರ್ಡರಿಗೆ. ಹಾಗಾದರೆ ಮೂರರಲ್ಲಿ ಇರಬೇಕಾದದ್ದು ರೆಕಾರ್ಡರೂ ಅಲ್ಲವೇ? ಅದು ಎಷ್ಟರಲ್ಲಿತ್ತೋ! ಗುಂಡಿ ಒತ್ತುತ್ತ ಹೋದಳು. ಮೂರು ಬಂದದ್ದೇ ತಡ, ಪರದೆಯ ಮೇಲೆ ಒಬ್ಬಾಕೆ ಸಾಬೂನು ಹಿಡಿದು ನಕ್ಕಳು.

"ಬಂತು!" ಎಂದು ಮೇಷ್ಟ್ರು ಟಾರ್ಚು ಎತ್ತಿ ಕೂಗಿದರು.

ಒಂದಿಷ್ಟು ರೆಕಾರ್ಡ್ ಮಾಡಿ, ಹಿಂದಕ್ಕೆ ಸುತ್ತಿ ನೋಡಿದರು. ಸಾಬೂನಿನಾಕೆ ಮತ್ತೆ ನಕ್ಕಳು. ಹೊಸ ಕ್ಯಾಸೆಟ್ಟು ಹಾಕಿ ಐದಕ್ಕೆ ಸರಿಯಾಗಿ ಗುಂಡಿ ಒತ್ತಿದ ಸೂಜಿಯಕ್ಕ, ಕತ್ತರಿಸಿಟ್ಟಿದ್ದ ದಪ್ಪ ಬಟ್ಟೆಯೊಂದನ್ನು ಮಡಿಸಿ ಡಬ್ಬಿಯ ಮುಖದ ಮೇಲೆ ಇಳಿಬಿಟ್ಟಳು.

"ಇದ್ಯಾಕೆ ಮುಸುಕು?" ಎಂದು ಮೇಷ್ಟ್ರು ಕೇಳಿದರು.

"ಮಾವನ ಕೈಗೆ ರಿಮೋಟ್ ಸಿಕ್ಕಿದ್ರೆ ಸುದ್ದಿ ಹಾಕಿಬಿಡ್ತಾರೆ. ಡಬ್ಬಿ ತಿರುಗಿಸಿದ್ರೆ ಕ್ಯಾಸೆಟ್‌ನಲ್ಲೂ ಸುದ್ದಿನೇ."

ಕಾರ್ಯಕ್ರಮ ಶುರುವಾಯಿತು. ತಮ್ಮದೇ ದನಿ ಕೇಳಿ ಮಾವ ಮಂಚದ ಮೇಲೆ ನೆಟ್ಟಗೆ ಕುಳಿತರು.

"ಗಾಡಿ ಕಾಣ್ತಿದ್ಯಾ? ನಾನು ಹೇಗೆ ಕಾಣ್ತೀನಿ? ಹೇಳೇ!"

"ಹೇಳಲ್ಲ."

"ಒಂದೇ ಒಂದು ಮಾತು ಹೇಳು."

"ಒಂದಕ್ಷರಾನೂ ಇಲ್ಲ. ನೀವೇ ನೋಡ್ಕೊಳ್ಳಿ." ಹಾಗೆಂದು ಪಿನ್ನು ಕಚ್ಚಿ ಮೇಷ್ಟ್ರ ಪ್ಯಾಂಟು ಕೈಗೆತ್ತಿಕೊಂಡಳು. ಅವಳ ಕಣ್ಣು ಮಾತ್ರ ಪರದೆಯಿಂದ ಕದಲಲಿಲ್ಲ; ಆ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಯಿತು. ಮೇಷ್ಟ್ರು ಅದನ್ನು ಬಹಳ ಕಾಲ ಹಾಗೆಯೇ ತೊಟ್ಟರು.

ಪಟ್ಟಿ ಬಿಚ್ಚಿ, ಡಾಕ್ಟರು ಟಿ.ವಿ. ನೋಡಬಹುದೆಂದ ಸಂಜೆ, ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಗಿಯುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಸೂಜಿಯಕ್ಕ ಮದುವೆಯಾಗಿ ಬಂದ ಮೇಲೆ ಕಂಡಿರಲಿಲ್ಲ. ಕೊನೆಗೆ ಹೊಸ ಕಣ್ಣನ್ನು ಒರೆಸಿಕೊಂಡು, "ನನ್ನ ತಲೆ ಇಷ್ಟು ಬೋಳಾಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ಲ! ಇನ್ನೊಂದ್ಸಲ ಹಾಕು" ಎಂದರು.

ಸೊಸೆ ವೈರು ಸರಿಮಾಡಿದ ಸುದ್ದಿಯನ್ನು ಬೀದಿಗೆಲ್ಲ ಹರಡಿದವರು ಮಾವನೇ. ಅಂದಿನಿಂದ ಯಾರ ಮನೆಯ ಟಿ.ವಿ. ಮುನಿಸಿಕೊಂಡರೂ ಸೂಜಿಯಕ್ಕನಿಗೆ ಕರೆ ಬರುತ್ತದೆ. ರೆಕಾರ್ಡರುಗಳು ಅಟ್ಟ ಸೇರಿ, ಡಬ್ಬಿಗಳು ಅಂಗೈಯಗಲಕ್ಕೆ ಇಳಿದರೂ ಅವಳ ಕ್ರಮ ಬದಲಾಗಿಲ್ಲ. ಮೊದಲು ಯಾವುದನ್ನೂ ಕೀಳುವುದಿಲ್ಲ. ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಿತು ಎಂದು ಬೆರಳಾಡಿಸಿ ನೋಡಿ, ದಾರ ಕಟ್ಟಿ, ಆಮೇಲೆ ಕೈ ಹಾಕುತ್ತಾಳೆ. ಬೀದಿಯ ಅರ್ಧ ಮನೆಗಳಲ್ಲಿ ಟಿ.ವಿ.ಯ ಹಿಂದೆ ಬಣ್ಣಬಣ್ಣದ ಗಂಟುಗಳಿವೆ. ಇದರಿಂದ ರವಿಕೆ, ಷರಟುಗಳು ಹೇಳಿದ ದಿನಕ್ಕೆ ಸಿಗುವುದಿಲ್ಲವೆಂಬ ದೂರೂ ಇದೆ. ಗಿರಾಕಿಗಳು ಬಂದರೆ ಈಗ ಎರಡು ಕಣ್ಣೂ ನಿಚ್ಚಳವಾಗಿರುವ ಮಾವ ಬಾಗಿಲಲ್ಲೇ ತಡೆದು, ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ:

"ಸೊಸೆ ಎದುರುಮನೆ ಟಿ.ವಿ. ಹಿಂದೆ ಇದ್ದಾಳೆ. ಬರ್ತಾಳೆ, ಕೂತ್ಕೊಳ್ಳಿ. ಅಷ್ಟರಲ್ಲಿ ನಮ್ಮ ಠಾಣೆ ವಿಷಯ ಹೇಳ್ತೀನಿ."