ಅಣ್ಣನಿಗೆ ಎಳೆಯದ ಗೆರೆ

ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್. ಫುಟ್‌ಬಾಲ್ ಆಡಿಸುವುದಕ್ಕಿಂತ ಆಟದ ನಕ್ಷೆ ಬರೆಯುವುದೇ ನನಗೆ ಹೆಚ್ಚು ಇಷ್ಟ. ಯಾರು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದು ಸುತ್ತು, ಎಲ್ಲಿಗೆ ಓಡಬೇಕು ಎಂಬುದಕ್ಕೆ ಒಂದು ಗೆರೆ. ಸಣ್ಣ ಮಕ್ಕಳಿಗೆ ಗೆರೆ ಗಿಡ್ಡ ಇರಬೇಕು. ಉದ್ದ ಎಳೆದರೆ ಅರ್ಧಕ್ಕೇ ಮರೆತು ಎಲ್ಲವೂ ಚೆಂಡಿನ ಹಿಂದೆ ಹಿಂಡಾಗಿ ಓಡಿಬಿಡುತ್ತವೆ. ಹೈಸ್ಕೂಲ್ ಹುಡುಗಿಯರಿಗೆ ಎಷ್ಟು ಉದ್ದ ಎಳೆದರೂ ಸಾಲದು. ಐವತ್ತು ದಾಟಿದವರದೇ ಕಷ್ಟ. ಅವರ ಮನಸ್ಸು ಓಡುವಷ್ಟು ಕಾಲು ಓಡುವುದಿಲ್ಲ, ಹಾಗೆಂದು ಹೇಳಿದರೆ ಸಿಟ್ಟು ಬರುತ್ತದೆ.

ಕಳೆದ ವರ್ಷ ಹರಪನಹಳ್ಳಿಯವರು ಒಂದು ಪಂದ್ಯ ಇಟ್ಟುಕೊಂಡರು. ಒಂದೇ ತಂಡದಲ್ಲಿ ಮಕ್ಕಳು, ಹುಡುಗಿಯರು, ಹಿರಿಯರು ಎಲ್ಲರೂ ಇರಬೇಕಿತ್ತು. ನಮ್ಮ ಹಿರಿಯರಲ್ಲಿ ಮೊದಲು ಹೆಸರು ಕೊಟ್ಟವನು ನನ್ನ ಅಣ್ಣ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ದಾವಣಗೆರೆಯಲ್ಲಿ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ನಡೆಯಬಹುದು, ಓಡಬಾರದು ಎಂದು ಡಾಕ್ಟರು ಹೇಳಿದ್ದರಲ್ಲಿ ಈ ಮಹಾರಾಯ ಕೇಳಿಸಿಕೊಂಡಿದ್ದು ಅರ್ಧ ಮಾತ್ರ. ಆಡಬೇಡ ಎಂದು ಜಗಳ ತೆಗೆದೆ, ಅತ್ತು ಕರೆದೆ, ಮಾತು ಬಿಟ್ಟೆ. ಜಪ್ಪಯ್ಯ ಎಂದರೂ ಕೇಳಲಿಲ್ಲ.

ಅಭ್ಯಾಸದ ದಿನ ನೋಡಿದರೆ ಮೈದಾನಕ್ಕೆ ಹಾಕುವ ಸುಣ್ಣದ ಪುಡಿ ಮುಗಿದಿತ್ತು. ಮನೆಯಿಂದ ರಂಗೋಲಿ ಪುಡಿ ತಂದು ನೆಲದ ಮೇಲೇ ದೊಡ್ಡದಾಗಿ ನಕ್ಷೆ ಬರೆದೆ. ಎಲ್ಲರೂ ತಮ್ಮ ತಮ್ಮ ಗೆರೆ ಹಿಡಿದು ನಡೆಯಲಿ ಎಂದು ಸೀಟಿ ಊದಿದರೆ, ಒಬ್ಬರೂ ಗೆರೆ ಮುಟ್ಟುತ್ತಿಲ್ಲ! ಮಕ್ಕಳು ಪಕ್ಕಕ್ಕೆ ಸರಿದು ನಡೆಯುತ್ತಿವೆ, ಅಡ್ಡ ಬಂದ ಗೆರೆಯನ್ನು ಜಿಗಿದು ದಾಟುತ್ತಿವೆ. ದೊಡ್ಡ ಹುಡುಗಿಯರೂ ಹಾಗೇ.

"ಏ, ಗೆರಿ ಮ್ಯಾಲೆ ಕಾಲಿಡ್ರೇ!" ಎಂದು ಕೂಗಿದೆ.

"ರಂಗೋಲಿ ತುಳಿಬಾರದ್ರೀ ಟೀಚರ್, ನಮ್ಮವ್ವ ಬೈತಾಳ," ಎಂದಿತು ಒಂದು ಮಗು.

ನನಗೆ ನಗು ಬಂತು. "ಅಣ್ಣಾ, ನೀನರ ಒಂದ್ಸಲ ನಡದು ತೋರ್ಸು ಇವಕ್ಕ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನಿಗೆ ಗೋಲಿನ ಪಕ್ಕ ಒಂದು ಸುತ್ತು ಹಾಕಿದ್ದೆ, ಅಷ್ಟೇ. ಗೆರೆ ಎಳೆದಿರಲಿಲ್ಲ.

ಅಣ್ಣ ಸುತ್ತಿನೊಳಗೆ ಹೋಗಿ ನಿಂತು ಕಾಲ ಸುತ್ತ ಹುಡುಕಿದ. "ನಂದು ಗೆರಿ ಎಲ್ಲೈತಿ?"

"ನಿನಗಿಲ್ಲ. ಅಲ್ಲೇ ನಿಂದ್ರು."

"ನಾನೇನು ಗೋಲಿನ ಕಂಬ ಏನು?" ಎಂದು ಗದರಿದ. ಮಕ್ಕಳು ಕಿಸಕ್ಕನೆ ನಕ್ಕವು. ಅವನು ನಗಲಿಲ್ಲ. ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಓಡಬ್ಯಾಡ ಅಂತಿ, ಆತು, ಓಡಂಗಿಲ್ಲ. ಚೆಂಡರ ನನ್ನ ಹತ್ರ ಬರೂಹಂಗ ಬರಿಯವ್ವ," ಎಂದ.

ನೆಲದ ಮೇಲಿನ ನಕ್ಷೆಯನ್ನು ಮತ್ತೊಮ್ಮೆ ನೋಡಿದೆ. ಅದು ಅವನ ಆಟದ ನಕ್ಷೆಯಾಗಿರಲಿಲ್ಲ, ನನ್ನ ಹೆದರಿಕೆಯದು. ಎಲ್ಲವನ್ನೂ ಕಾಲಿನಿಂದ ಒರೆಸಿ ಹಾಕಿ, ಅಣ್ಣನನ್ನು ಮೈದಾನದ ನಡುವೆ ಬರೆದೆ. ಮಕ್ಕಳ ಗಿಡ್ಡ ಗೆರೆಗಳು ಅವನ ಹತ್ತಿರ ಬಂದು ಮುಗಿದವು. ಹುಡುಗಿಯರ ಗೆರೆಗಳು ಅವನ ಮಗ್ಗುಲಿಂದ ಹೊರಟವು.

ಪಂದ್ಯದಲ್ಲಿ ಒಂದು ಸಲ ಅದು ಬರೆದಂತೆಯೇ ಆಯಿತು. ಸಣ್ಣವೆರಡು ಚೆಂಡು ತಂದು ಅವನ ಕಾಲಿಗೆ ಕೊಟ್ಟವು. ಅವನು ನಿಂತಲ್ಲಿಂದಲೇ ಹುಡುಗಿಯೊಬ್ಬಳ ಮುಂದಕ್ಕೆ ತಳ್ಳಿದ, ಅವಳು ಹೊಡೆದಳು, ಗೋಲ್! ನಾನು ಹುಚ್ಚಿಯಂತೆ ಕುಣಿದೆ. ತಿರುಗಿ ನೋಡಿದರೆ ಅಣ್ಣ ಮೊಣಕಾಲಿಗೆ ಕೈ ಊರಿ ಬಗ್ಗಿದ್ದ. ಅವನು ಓಡಿರಲಿಲ್ಲ, ದೇವರಾಣೆಗೂ ಓಡಿರಲಿಲ್ಲ. ಅಲ್ಲಲ್ಲೇ ಒಂದಿಷ್ಟು ನಡೆದಿದ್ದ.

ತಾನಾಗಿಯೇ ಕೈ ಎತ್ತಿ ಹೊರಗೆ ಬಂದ. ನನ್ನ ಪಕ್ಕ ಕೂತು, ಬಹಳ ಹೊತ್ತು ಸುಧಾರಿಸಿಕೊಂಡು, ಬೂಟಿನ ಲೇಸು ಬಿಚ್ಚಿದ.

"ಸಾಕವ್ವ. ಮುಂದಿನ ಸಲ ನನ್ನ ಬರೀಬ್ಯಾಡ."

ಈ ಮಾತು ಅವನ ಬಾಯಿಂದ ಬರಲಿ ಎಂದೇ ನಾನು ಅಷ್ಟೆಲ್ಲ ಅತ್ತಿದ್ದೆ. ಬಂದಾಗ ತಡೆದುಕೊಳ್ಳಲು ಆಗಲಿಲ್ಲ. "ಬರೀಬ್ಯಾಡ ಅನ್ನಾಕ ನೀ ಯಾರು? ನಾ ಬರೀತೀನಿ," ಎಂದು ಮಕ್ಕಳೆಲ್ಲ ತಿರುಗಿ ನೋಡುವಂತೆ ಅವನ ಮೇಲೆ ಕಿರುಚಿದೆ.