ಟೈಲರನ ಎಮ್ಮೆ ಫೋನು

ಟೈಲರ್ ಕೂಡಿಟ್ಟ ಹಣವನ್ನೆಲ್ಲ ಒಂದು ಎಮ್ಮೆಗೆ ಹಾಕುತ್ತಾನಂತೆ ಎಂಬ ಮಾತು ಕಾಜದ ಅಕ್ಕನ ಕಿವಿಗೆ ಬಿದ್ದದ್ದು ಒಂದು ಸೋಮವಾರ, ಅವಳು ಅವನ ಅಂಗಡಿಯಲ್ಲಿ ಕೂತು ಬಿಳಿ ಅಂಗಿಗೆ ನಾಲ್ಕನೆಯ ಕಾಜ, ಅಂದರೆ ಗುಂಡಿಯ ತೂತು, ಹಾಕುತ್ತಿದ್ದಾಗ. ಅಂಗಡಿಯ ಹಿಂದೆ ಕಟ್ಟಲು ಜಾಗವೆಲ್ಲಿದೆ, ಸಗಣಿ ಬಾಚುವವರು ಯಾರು ಎಂದು ಕೇಳಿಯೇಬಿಟ್ಟಳು. ಟೈಲರ್ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಹೊಟ್ಟೆ ಹಿಡಿದು ನಕ್ಕ. ಅದು ಎಮ್ಮೆಯಲ್ಲ, ಸಿಡಿಎಂಎ; ಕೊನೆಯ ‘ಎಂಎ’ ಮಾತ್ರ ಅವಳ ಕಿವಿಗೆ ಬಿದ್ದಿತ್ತು. ಮೊಬೈಲ್ ಫೋನಿನ ಒಂದು ಬಗೆ. ಅದರ ಎದುರಾಳಿ ಜಿಎಸ್‌ಎಂ. ಯಾವ ಬಗೆ ಗೆಲ್ಲುತ್ತದೋ ಆ ಕಂಪನಿಯ ಷೇರು ಏರುತ್ತದೆ; ಅವನು ಕೊಳ್ಳಹೊರಟದ್ದು ಸಿಡಿಎಂಎ ಷೇರು. ಅಂದಿನಿಂದ ಬೀದಿಗೆಲ್ಲ ಅದು ಎಮ್ಮೆ ಫೋನೇ ಆಯಿತು.

ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಆ ಹಣ ಕಾಜ ಹಾಕುವ ಮಷೀನಿಗೆಂದು ಮೂರು ವರ್ಷ ಕೂಡಿಟ್ಟದ್ದು. ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಮಷೀನು ಬಾರದಿದ್ದರೆ ಅವಳ ಕೆಲಸ ಹೋದಂತೆಯೇ.

ಪಕ್ಕದ ಗಡಿಯಾರ ರಿಪೇರಿಯವನು ಜಿಎಸ್‌ಎಂ ಕಡೆ. ಅವನೂ ಟೈಲರೂ ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೆಳೆಯರು; ದಿನಕ್ಕೊಂದು ಜಗಳ ಆಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪೇಪರು ಹರಡಿ ವಾದಕ್ಕೆ ಕೂರುವರು. ಎಮ್ಮೆ ಫೋನಿನಲ್ಲಿ ಮಾತು ಸ್ಪಷ್ಟ, ನಂಬರು ಫೋನಿನೊಳಗೇ ಹೊಲಿದ ಹಾಗೆ ಗಟ್ಟಿ ಎಂದು ಟೈಲರ್. ಜಿಎಸ್‌ಎಂನಲ್ಲಿ ನಂಬರು ಸಿಮ್ ಕಾರ್ಡಿನಲ್ಲಿರುತ್ತದೆ, ತೆಗೆದು ಬೇಕಾದ ಫೋನಿಗೆ ಹಾಕಿಕೊಳ್ಳಬಹುದು ಎಂದು ಗಡಿಯಾರದವನು.

"ನಿನ್ನ ಎಮ್ಮೆ ಹಾಲು ಕೊಡಲ್ಲ ಕಣೋ."

"ಮುಳ್ಳು ತಿರುಗಿಸೋನಿಗೆ ಹಾಲಿನ ವಿಷಯ ಯಾಕೋ?"

ಷೇರಿನ ಅರ್ಜಿ ತುಂಬುವ ದಿನ ಕಂಪನಿಯ ಹೆಸರು ಬರೆಯುವ ಜಾಗಕ್ಕೆ ಬಂದು ಟೈಲರ್ ಪೆನ್ನು ತಡೆದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನೀವೇನಂತೀರಿ ಎಂದು ಅಕ್ಕನನ್ನೇ ಕೇಳಿದ. ಮೂರನೇ ತರಗತಿಗೇ ಸ್ಲೇಟು ಬಿಟ್ಟವಳನ್ನು ಕೇಳುವ ಮಾತೇ ಅದು? ಆದರೂ ಕೈಯಲ್ಲಿದ್ದ ಅಂಗಿಯನ್ನು ತಿರುವಿ ನೋಡುತ್ತ ಹೇಳಿದಳು: "ಅಂಗಿ ಹರಿದ್ರೆ ಗುಂಡಿ ಬಿಚ್ಚಿ ಹೊಸದಕ್ಕೆ ಹಾಕ್ತೀವಲ್ಲಪ್ಪ. ಗುಂಡಿನೂ ಅಂಗಿ ಜೊತೇಲೇ ಹೋಗ್ಬೇಕು ಅಂದ್ರೆ ಯಾರು ಹೊಲಿಸ್ಕೋತಾರೆ?"

ಟೈಲರ್ ಅರ್ಜಿ ಬರೆದು, ಮಡಚಿ, ಜೇಬಿಗೆ ಹಾಕಿಕೊಂಡು ಹೊರಟ. ವಾದ ಮಾತ್ರ ನಿಲ್ಲಲಿಲ್ಲ. ಎಮ್ಮೆಯ ಬಾಲವನ್ನು ಅವನು ಬಿಡಲೇ ಇಲ್ಲ. ಎರಡು ವರ್ಷಕ್ಕೆ ಷೇರು ಮಾರಿ ಮಷೀನು ತಂದ. ಎಮ್ಮೆ ಕರು ಹಾಕಿತು ಎಂದು ಗಡಿಯಾರದವನ ಮುಂದೆ ಮೀಸೆ ತಿರುವಿದ. ಅವನು ಅತ್ತ ಹೋದ ಮೇಲೆ ಅಕ್ಕನಿಗೆ ಹೇಳಿದ್ದೇ ಬೇರೆ: ಹಣ ಹಾಕಿದ್ದು ಅವಳ ಗುಂಡಿಯ ಮೇಲೆ, ಜಿಎಸ್‌ಎಂ ಮೇಲೆ.

ಕಾಲಕ್ರಮೇಣ ಬೀದಿಯಲ್ಲಿ ಎಮ್ಮೆ ಫೋನು ಕಾಣುವುದೇ ನಿಂತಿತು. ಸೋತ ಫೋನಿನಲ್ಲಿ ಇವನು ಲಾಭ ಮಾಡಿದ್ದು ಹೇಗೆಂದು ಗಡಿಯಾರದವನು ವರ್ಷಗಟ್ಟಲೆ ತಲೆ ಕೆರೆದುಕೊಂಡ. ಮಷೀನಿನ ಮುಂದೆ ಕೂತ ಅಕ್ಕ ನಗು ತಡೆಯಲು ದಾರ ಕಚ್ಚುತ್ತಿದ್ದಳು.

ಟೈಲರ್ ಆಸ್ಪತ್ರೆ ಸೇರಿದ ಕೊನೆಯ ವಾರವೂ ಗಡಿಯಾರದವನು ತಪ್ಪದೆ ಬಂದು ಜಗಳ ತೆಗೆಯುತ್ತಿದ್ದ. ಒಂದು ಸಂಜೆ ಅವನು ನೀರು ತರಲು ಹೊರಗೆ ಹೋದಾಗ ಟೈಲರ್ ಅಕ್ಕನನ್ನು ಹತ್ತಿರ ಕರೆದ.

"ಅಕ್ಕಾ, ನಾನು ಹೋದ್ಮೇಲೂ ಅವನಿಗೆ ಹೇಳ್ಬೇಡಿ. ನಾನೂ ಅವನ ಕಡೆನೇ ಹಣ ಹಾಕಿದ್ದೆ ಅಂತ ಗೊತ್ತಾದ್ರೆ, ಪಾಪ, ನನ್ನ ಬೈಯೋಕೆ ಅವನಿಗೆ ಏನೂ ಉಳಿಯಲ್ಲ."